ದಿಡ್ಡೆವ್ವನ ಅಗುಳಿ

ಕೋವಿಡ್ ತಣ್ಣಗಾದ ಮರುವರ್ಷದ ಬೇಸಿಗೆ. ಆಗ ನಾನು ಹಾನಗಲ್ಲಿನಲ್ಲಿ ಅಗ್ನಿಶಾಮಕ ಠಾಣಾಧಿಕಾರಿ. ನಿವೃತ್ತಿಗೆ ಎರಡು ವರ್ಷ ಬಾಕಿ. ಬೇಸಿಗೆಯೆಂದರೆ ನಮಗೆ ಬಣವೆಗಳು ಹೊತ್ತಿಕೊಳ್ಳುವ ಕಾಲ. ಉಂಡ ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ.

ಅಂದು ಮಧ್ಯಾಹ್ನದ ಕರೆ ಶಿಗ್ಗಾಂವ ಕಡೆಯ ಒಂದು ಹಳ್ಳಿಯಿಂದ. ಅಲ್ಲಿ ಹಳೆಯ ಮಣ್ಣಿನ ಕೋಟೆಯೊಂದು ಇನ್ನೂ ನಿಂತಿದೆ. ಒಳಗೆ ಒಂದೇ ಓಣಿ. ಮನೆಗಳೆಲ್ಲ ಕೋಟೆಗೋಡೆಗೆ ಬೆನ್ನು ಕೊಟ್ಟು ಕೂತಿವೆ. ಹೋಗಿಬರಲು ಒಂದೇ ಹೆಬ್ಬಾಗಿಲು, ಅದೇ ಅಗಸಿ. ಮೇವು ಹೇರಿದ ಟ್ರ್ಯಾಕ್ಟರ್ ಆ ಅಗಸಿಯೊಳಗೆ ನುಗ್ಗುವಾಗ ಮೇಲಿನ ವಿದ್ಯುತ್ ತಂತಿ ತಾಗಿ ಹೊತ್ತಿಕೊಂಡಿತ್ತು. ನಾವು ತಲುಪಿದಾಗ ಸೀಸೆಗೆ ಬಿರಡೆ ಜಡಿದಂತಾಗಿತ್ತು, ಅದೂ ಉರಿಯುವ ಬಿರಡೆ.

ಟ್ರ್ಯಾಕ್ಟರ್ ಓಡಿಸುತ್ತಿದ್ದ ಮಾಂತೇಶ ಜಿಗಿದು ಪಾರಾಗಿದ್ದ. ಹೆರಿಗೆಗೆಂದು ತವರಿಗೆ ಬಂದ ಅವನ ಹೆಂಡತಿ ನೀಲವ್ವ ಓಣಿಯ ಕೊನೆಯ ಮನೆಯಲ್ಲಿದ್ದಳು. ಮಾವನ ಮನೆಗೇ ಅವನು ಮೇವು ತರುತ್ತಿದ್ದದ್ದು. ಅತ್ತೆ ಮಾವ ಹೊಲಕ್ಕೆ ಹೋಗಿದ್ದರು.

“ಸಾಹೇಬ್ರ, ನನ್ನ ಹೇಂತಿ ಬಾಣಂತಿ ಅದಾಳ್ರಿ. ಸಿಜೇರಿಯನ್ ಆಗೇತಿ, ಕೂಸಿಗೆ ಇನ್ನ ಒಂಬತ್ತ ದಿನಾ. ನೀರ ಹೊಡೀರ್ರಿ!” ಎಂದು ನನ್ನ ಅಂಗಿ ಹಿಡಿದ.

ಹೊಡೆಯುವಂತಿರಲಿಲ್ಲ. ತಂತಿಯಲ್ಲಿ ಕರೆಂಟ್ ಇಲ್ಲವೆಂದು ವಿದ್ಯುತ್ ಕಚೇರಿಯವರು ಖಚಿತಪಡಿಸಬೇಕು. ಅದಕ್ಕೆ ‘ಲೈನ್ ಕ್ಲಿಯರ್’ ಎನ್ನುತ್ತಾರೆ. ಅದಕ್ಕೂ ಮೊದಲು ಪೈಪು ಹಿಡಿದರೆ ನೀರಿನ ಧಾರೆಯ ಗುಂಟ ಕರೆಂಟ್ ನಮ್ಮ ಕೈಗೇ ಬರಬಹುದು. ಇತ್ತ ಗಾಳಿ ಹೊಗೆಯನ್ನೆಲ್ಲ ಓಣಿಯೊಳಕ್ಕೆ ತಳ್ಳುತ್ತಿತ್ತು. ಗಟ್ಟಿಮುಟ್ಟಾದವರು ಗೋಡೆ ಹತ್ತಿ ಹೊರಗೆ ಇಳಿದಿದ್ದರು. ಹೊಟ್ಟೆಯ ಹೊಲಿಗೆ ಮಾಯದ ಬಾಣಂತಿ ಗೋಡೆ ಹತ್ತುವುದೆಲ್ಲಿ?

ಸಿಬ್ಬಂದಿಯಲ್ಲಿ ಕೆಲವರನ್ನು ಅಗಸಿಯ ಬಳಿ ನಿಲ್ಲಿಸಿ, ಸ್ಟ್ರೆಚರ್, ಏಣಿ ಹೊತ್ತು ಕೋಟೆಯ ಹಿಂಬದಿಗೆ ಓಡಿದೆವು. ಮಾಂತೇಶನೂ ಬಂದ. ಏಣಿ ಒರಗಿಸಿದರೆ ಗೋಡೆಯ ಮಣ್ಣು ಕುಸಿಯಿತು. ಇನ್ನೊಂದು ಕಡೆ ಒರಗಿಸಿದೆವು, ಅಲ್ಲೂ ಅದೇ ಪಾಡು. ನಿಜ ಹೇಳುತ್ತೇನೆ, ಅಷ್ಟು ವರ್ಷ ಸರ್ವಿಸಾಗಿದ್ದರೂ ನನಗೆ ಬೇರೆ ದಾರಿ ತೋಚಲಿಲ್ಲ.

ಆಗ ಬುರುಜಿನ ಮರೆಯಲ್ಲಿ ಜಾಲಿಕಂಟಿಯ ಹಿಂದಿನಿಂದ ಹೆಂಗಸಿನ ದನಿ ಬಂತು: “ಯಾರದೀರಿ ಹೊರಗ? ಆ ಮುಳ್ಳ ಸರಸ್ರಿ ಲಗೂನ!”

ಕೊಡಲಿಯಿಂದ ಕಂಟಿ ಕಡಿದೆವು. ಗೋಡೆಯಲ್ಲಿ ಸೊಂಟದೆತ್ತರದ ಬಾಗಿಲೊಂದು ಒಳಮುಖವಾಗಿ ತೆರೆದಿತ್ತು. ಮೊದಲು ಕೂಸು ಬಂತು, ಆಮೇಲೆ ಬಗ್ಗಿ ಬಗ್ಗಿ ನೀಲವ್ವ, ಅವಳ ಹಿಂದೆ ಪಕ್ಕದ ಮನೆಯ ಗಂಗವ್ವ. ಮಾಂತೇಶ ಕೂಸನ್ನು ಎದೆಗವಚಿಕೊಂಡ.

ಅದು ದಿಡ್ಡಿ. ಶತ್ರುಗಳು ಅಗಸಿಯನ್ನು ಮುತ್ತಿದಾಗ ಹಿಂದಿನಿಂದ ಒಬ್ಬೊಬ್ಬರೇ ನುಸುಳಲೆಂದು ಹಿರಿಯರು ಇಟ್ಟ ಕಳ್ಳಬಾಗಿಲು. ಕಾಲಾಂತರದಲ್ಲಿ ಅದು ಗಂಗವ್ವನವರ ದೇವರ ಕೋಣೆಯೊಳಗೆ ಸೇರಿ, ಬಾಗಿಲೇ ದೇವರಾಗಿ, ದಿಡ್ಡೆವ್ವ ಎನ್ನಿಸಿಕೊಂಡಿತ್ತು. ಪ್ರತಿ ಅಮಾವಾಸ್ಯೆ ಅಗುಳಿಗೂ ತಿರುಗಣಿಗೂ ಎಣ್ಣೆ ಹಚ್ಚಿ ಪೂಜೆ. ತೆರೆದರೆ ಊರಿಗೆ ಕೇಡು ಎಂಬ ಮಾತಿದ್ದುದರಿಂದ ಯಾರೂ ತೆರೆದಿರಲಿಲ್ಲ. ಪುರುಡಿನ ಸೂತಕ ಕಳೆಯದ ಬಾಣಂತಿ ಆ ಕೋಣೆಯ ಹೊಸ್ತಿಲು ತುಳಿಯುವುದೂ ನಿಷಿದ್ಧ. ಗಂಗವ್ವ ಎರಡನ್ನೂ ಮುರಿದಿದ್ದರು. ಹೊಸ್ತಿಲಲ್ಲಿ ಹಿಂಜರಿದು ನಿಂತ ನೀಲವ್ವನಿಗೆ ಅವರು, “ಆಕಿ ಬಾಗಲದಾಕಿ. ಬಾಗಲಾ ತಗದ್ರ ಯಾಕ ಸಿಟ್ಟಾಗ್ತಾಳ, ಬಾ ಒಳಗ” ಎಂದರಂತೆ. ತಲೆಮಾರುಗಳ ಎಣ್ಣೆ ಕುಡಿದ ಅಗುಳಿ ಒಂದೇ ಎಳೆತಕ್ಕೆ ಜಾರಿತಂತೆ.

ಸ್ವಲ್ಪ ಹೊತ್ತಿಗೆ ಲೈನ್ ಕ್ಲಿಯರ್ ಸಿಕ್ಕಿತು, ಬೆಂಕಿಯೂ ಆರಿತು. ಜೀವಹಾನಿಯಾಗಲಿಲ್ಲ. ಮೇಲಧಿಕಾರಿಗಳು ನಮ್ಮ ಬೆನ್ನು ತಟ್ಟಿದರು. ನೀಲವ್ವನ ಮಟ್ಟಿಗೆ ನಾವು ಮಾಡಿದ್ದು ಮುಳ್ಳು ಕಡಿದದ್ದಷ್ಟೇ.

ಆಮೇಲೆ ಕಲ್ಯಾಣಮಂಟಪವಿರಲಿ, ಕಾಲೇಜಿರಲಿ, ತಪಾಸಣೆಗೆ ಹೋದಲ್ಲೆಲ್ಲ ‘ಎಮರ್ಜೆನ್ಸಿ ಎಕ್ಸಿಟ್’ ಎಂಬ ಫಲಕ ಓದಿ ನನಗೆ ಸಮಾಧಾನವಾಗುತ್ತಿರಲಿಲ್ಲ. ಚಿಲಕ ನಾನೇ ಎಳೆದು ನೋಡುತ್ತಿದ್ದೆ. ಸಿಬ್ಬಂದಿ ನಗುತ್ತಿದ್ದರು, ನಗಲಿ. ಎರಡನೇ ದಾರಿ ಇದ್ದರೆ ಸಾಲದು. ಅದರ ಅಗತ್ಯ ಬೀಳದ ದಿನಗಳಲ್ಲೂ ಯಾರಾದರೂ ಅದರ ಆರೈಕೆ ಮಾಡುತ್ತಿರಬೇಕು. ನೌಕರಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು.

ನಿವೃತ್ತನಾದ ಮೇಲೆ ಒಂದು ಅಮಾವಾಸ್ಯೆಗೆ ಎಣ್ಣೆಯ ಡಬ್ಬಿ ಹಿಡಿದು ಗಂಗವ್ವನ ಮನೆಗೆ ಹೋದೆ. “ಅವತ್ತ ಮೈಲಿಗಿ ಆತಲ್ಲ, ಶಾಂತಿ ಗೀಂತಿ ಮಾಡ್ಸೀರೇನ್ರಿ?” ಎಂದು ಕೆಣಕಿದೆ.

“ಯಾತಕ್ರಿ? ಇಷ್ಟ ವರ್ಷ ಕುಂತು ಎಣ್ಣಿ ಹಚ್ಚಿಸ್ಕೊಂಡಾಳ, ಒಂದಿನ ದುಡದಾಳ!”

ನಾನು ಮೊದಲು ಗಂಗವ್ವನಿಗೆ ಕೈ ಮುಗಿದೆ, ಆಮೇಲೆ ದಿಡ್ಡೆವ್ವನಿಗೆ.