ಹೆಣಕ್ಕೊಂದು ಜಾಗ

ಕಾಲೇಜಿನ ಕೊನೆಯ ವರ್ಷ ನಾವೊಂದು ಥ್ರಿಲ್ಲರ್ ಕಿರುಚಿತ್ರ ಮಾಡಬೇಕಿತ್ತು. ಕಥೆ, ನಿರ್ದೇಶನ ಎರಡೂ ನನ್ನ ಮೈಸೂರಿನ ಗೆಳೆಯನದು. ಕೊಳ್ಳೇಗಾಲದವನೆಂಬ ಕಾರಣಕ್ಕೆ ಹೊರಾಂಗಣದ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಅವನಿಗೆ ಮುಖ್ಯವಾಗಿ ಬೇಕಿದ್ದದ್ದು, ಹೆಣವೊಂದು ಯಾರ ಕಣ್ಣಿಗೂ ಬೀಳದೆ ಇಡೀ ದಿನ ಬಿದ್ದಿರಬಹುದಾದ ಜಾಗ. ನನ್ನ ಬೈಕಿನಲ್ಲಿ ಇಬ್ಬರೂ ಹೊರಟೆವು.

ಮೊದಲು ನೋಡಿದ್ದು ಸತ್ತೇಗಾಲದ ಹತ್ತಿರದ ಕಬ್ಬಿನ ಗದ್ದೆ. ಸ್ವಲ್ಪ ಒಳಗೆ ಹೋದರೆ ರಸ್ತೆಯೇ ಕಾಣುತ್ತಿರಲಿಲ್ಲ. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಗದ್ದೆಯೊಡತಿ ಶೂಟಿಂಗ್ ಎಂದೊಡನೆ ನಕ್ಕರು. ಏನು ಸೀನು ಎಂದು ಕೇಳಿದರು. ಗೆಳೆಯ ಇದ್ದದ್ದು ಇದ್ದಹಾಗೆ ಹೇಳಿಬಿಟ್ಟ.

“ಎಣನಾ? ಬ್ಯಾಡ ಕಣ್ರಪ್ಪ. ಸುದ್ದಿ ಅಬ್ಬುದ್ರೆ ಕಬ್ಬು ಕಡ್ಯೋರು ಒಳಗೆ ಕಾಲಿಡಾಕಿಲ್ಲ. ಓಡೋದು ಬೀಳೋದು ಏನಾರ ಇದ್ರೆ ಮಾಡ್ಕಳಿ.”

ಮುಂದಿನ ವಾರ ಯಳಂದೂರಿನ ಕಡೆ ಒಂದು ಕೆರೆ ಏರಿಗೆ ಹೋದೆವು. ಏರಿಯ ಮೇಲಿನ ರಸ್ತೆಯಲ್ಲಿ ಎಷ್ಟು ಹೊತ್ತಾದರೂ ಒಂದು ಗಾಡಿಯೂ ಬರಲಿಲ್ಲ. ಫ್ರೇಮು ಹೇಗೆ ಬರುತ್ತದೋ ನೋಡೋಣವೆಂದು ಗೆಳೆಯ ನನ್ನ ಅಂಗಿಗೆ ಕಲಸಿದ ಕುಂಕುಮ ಬಳಿದು, ಇಳಿಜಾರಿನಲ್ಲಿ ಮಲಗಿಸಿ, ಫೋನ್ ಹಿಡಿದು ಕೆರೆಯಂಗಳಕ್ಕೆ ದೂರ ಇಳಿದುಹೋದ. ನಾನು ಕಣ್ಣು ಮುಚ್ಚಿದೆ.

ಬಸ್ಸು ಬಂದದ್ದು ಆಗ. ಬ್ರೇಕಿನ ಸದ್ದು, ಜನ ಇಳಿದು ಓಡಿಬರುವ ಸದ್ದು. ಎದ್ದು ಕುಳಿತಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಏಳಲಿಲ್ಲ. ಏನು ಮಾತಾಡುತ್ತಾರೋ ಕೇಳಬೇಕೆನಿಸಿತು.

“ಯಾರ್ ಮಗನ್ಲಾ ಇದು, ಪಾಪ!” ಎಂದಿತು ಒಂದು ಗಂಡು ದನಿ.

“ಉಸ್ರು ಆಡ್ತಾ ಅದೆ. ಎತ್ಕಳಿ, ಆಸ್ಪತ್ರೆಗೆ ಓಗವ,” ಎಂದ ಇನ್ನೊಬ್ಬ.

ಯಾರೋ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮುಖಕ್ಕೆ ನೀರು ಬಿತ್ತು. ಒರಟು ಬೆರಳೊಂದು ಅಂಗಿ ಸವರಿ ನಿಂತಿತು. “ನೆತ್ರಲ್ಲ ಕಣ್ರೋ, ಕುಂಕ್ಮ!”

ಕಣ್ಣು ಬಿಟ್ಟೆ. ತಲೆ ಇದ್ದದ್ದು ಅಜ್ಜಿಯೊಬ್ಬರ ತೊಡೆಯ ಮೇಲೆ. ಸುತ್ತಲಿಂದ ಬೈಗುಳ ಸುರಿಯಿತು. ಗೆಳೆಯ ಏದುಸಿರು ಬಿಡುತ್ತ ಬಂದು ಎಲ್ಲರಿಗೂ ಕೈ ಮುಗಿದ. ಅಜ್ಜಿ ಬೈಯಲಿಲ್ಲ. “ಎದೆ ಒಡ್ದೋಯ್ತಲ್ಲೋ ನಂಗೆ,” ಎಂದು ಸೆರಗಿನಲ್ಲಿ ನನ್ನ ಮುಖ ಒರೆಸಿ, ಮೊಣಕಾಲು ಹಿಡಿದುಕೊಂಡು ಎದ್ದು ಬಸ್ಸು ಹತ್ತಿದರು.

“ಈ ಜಾಗ ಆಗಲ್ಲ ಕಣೋ,” ಎಂದ ಗೆಳೆಯ.

ಕೊನೆಗೆ ಹನೂರು ದಾಟಿ, ಅಜ್ಜೀಪುರದ ಆಚೆ, ಕೆಲಸ ನಿಂತ ಒಂದು ಕಲ್ಲುಕೋರೆ ಸಿಕ್ಕಿತು. ಅದರ ಮಾಲೀಕರು ಫೋನಿನಲ್ಲೇ, “ಏನಾರ ಮಾಡ್ಕಳಿ, ಗುಂಡಿ ನೀರ್ಗೆ ಮಾತ್ರ ಇಳೀಬ್ಯಾಡಿ,” ಎಂದರು. ಹೆಣವಾಗಬೇಕಿದ್ದ ಸಹಪಾಠಿಗೆ ಶೂಟಿಂಗಿನ ದಿನ ಜ್ವರ. ನಾನೇ ಮಲಗಿದೆ. ಕಲ್ಲು ಬೆನ್ನು ಸುಡುತ್ತಿತ್ತು. ಮಧ್ಯಾಹ್ನದವರೆಗೂ ಆ ಕಡೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಗೆಳೆಯನಿಗೆ ಖುಷಿಯಾಯಿತು. ನನಗೆ ಆಗಾಗ ಸುಮ್ಮನೆ ಕೆಮ್ಮಬೇಕೆನಿಸುತ್ತಿತ್ತು.

ಕಾಲೇಜಿನಲ್ಲಿ ಚಿತ್ರ ತೋರಿಸಿದ ದಿನ ಅಮ್ಮ ಮಗ್ಗ ಬಿಟ್ಟು ಬಂದಿದ್ದರು. ಕಲ್ಲುಕೋರೆಯ ದೃಶ್ಯ ಶುರುವಾಗುತ್ತಲೇ ಎದ್ದು ಹೊರಗೆ ಹೋದರು. ಮುಗಿದ ಮೇಲೆ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕುಳಿತಿದ್ದರು.

“ಕೊನೇಗೆ ನೀನು ಎದ್ಯೇನ್ಲಾ?” ಎಂದು ಕೇಳಿದರು.

“ಇಲ್ಲಮ್ಮ, ಅಲ್ಲಿಗೇ ಸಿನಿಮಾ ಮುಗೀತು,” ಎಂದೆ.