ಹಿಂಗಿನ ಡಬ್ಬಿಯ ಸಣ್ಣಕ್ಷರ

ಕಳೆದ ವಾರ ಸಂಜೆ ಬಂಟ್ವಾಳದಿಂದ ಮೂಡುಬಿದಿರೆಗೆ ಬರುವ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಹಿಂಗಿನ ವಾಸನೆ. ಸಿದ್ಧಕಟ್ಟೆಯಲ್ಲಿ ಹತ್ತಿದ ಹೆಂಗಸೊಬ್ಬರ ಚೀಲದೊಳಗೆ ಡಬ್ಬಿಯ ಮುಚ್ಚಳ ಸಡಿಲಾಗಿತ್ತೋ ಏನೋ, ಎರಡು ತಿರುವು ದಾಟುವುದರೊಳಗೆ ಇಡೀ ಬಸ್ಸು ಸಾರು ಕುದಿಯುವ ಅಡುಗೆಮನೆಯಂತಾಯಿತು. "ಯಾರ ಮನೆಯಲ್ಲಿ ಮಾರಾಯ್ರೆ ಜಂಬರದ ಊಟ? ನಮಗೂ ಒಂದೆಲೆ ಹಾಕಿ," ಎಂದು ಕಂಡಕ್ಟರ್ ಟಿಕೆಟು ಕೊಡುತ್ತಲೇ ಹೇಳಿದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಕಿಟಕಿಯ ಕಡೆಗೆ ತಿರುಗಿ ಕೂತೆ. ನಮ್ಮ ಮನೆಯೊಳಗೆ ಹಿಂಗು ಬಾರದೆ ಹನ್ನೆರಡು ವರ್ಷವಾಯಿತು. ಮೂಗು ಮಾತ್ರ ಮರೆತಿರಲಿಲ್ಲ… ಆಚೆಮನೆಯ ಅಮ್ಮನ ಅಡುಗೆಮನೆ ಆ ಬಸ್ಸಿನೊಳಗೆ ಹತ್ತಿ ಬಂದು ನನ್ನ ಪಕ್ಕದಲ್ಲಿ ಕೂತ ಹಾಗಿತ್ತು.

ಮೂಡುಬಿದಿರೆಯಲ್ಲಿ ಬಸದಿಯ ಬೀದಿಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ನಮ್ಮ ಮನೆ. ನಾವು ಅಮ್ಮ ಎಂದು ಕರೆಯುತ್ತಿದ್ದ ಆಚೆಮನೆಯವರಿಗೂ ನಮಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಜೈನರ ಮನೆ ಅದು. ಅವರ ಯಜಮಾನರಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಹೊತ್ತು ಮುಳುಗುವ ಮೊದಲು ಅಲ್ಲಿ ಊಟ ಮುಗಿದಿರುತ್ತಿತ್ತು. ಅಮ್ಮ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸಿ ಬಿಡುತ್ತಿದ್ದರು. ಕಣ್ಣಿಗೆ ಕಾಣದ ಯಾವುದಾದರೂ ಜೀವ ಬಟ್ಟೆಗೆ ಅಂಟಿದ್ದರೆ ಅದು ಬಾವಿಗೇ ಮರಳಲಿ ಎಂದು. ನೀರುಳ್ಳಿ, ಬೆಳ್ಳುಳ್ಳಿ ಆ ಹೊಸಿಲು ದಾಟಿದ್ದಿಲ್ಲ. ಅವೆರಡರ ಕೆಲಸವನ್ನೂ ಹಿಂಗೇ ಮಾಡುತ್ತಿತ್ತು. ಸಾರಿಗೆ, ಪಲ್ಯಕ್ಕೆ, ಮಜ್ಜಿಗೆಗೆ, ಎಲ್ಲದಕ್ಕೂ ಹಿಂಗಿನ ಒಗ್ಗರಣೆ.

ನಾನು ಬಂಟ್ವಾಳದ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮದುವೆಯ ಕಾಗದ, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಸೊಸೈಟಿಯ ವರದಿ ಇವೇ ನಮ್ಮ ಕೆಲಸ. ಆಗೆಲ್ಲ ಇಬ್ಬರು ಕೂತು ಕರಡು ನೋಡುತ್ತಿದ್ದೆವು. ಮೂಲವನ್ನು ನಾನು ಜೋರಾಗಿ ಓದಬೇಕು, ಅಚ್ಚಾದ ಹಾಳೆಯನ್ನು ಇನ್ನೊಬ್ಬರು ನೋಡಬೇಕು, ಅಲ್ಪವಿರಾಮವನ್ನೂ ಬಿಡುವಂತಿಲ್ಲ. ಹೀಗೆ ಓದಿ ಓದಿ ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಬರುವ ಚಾಳಿ ಅಂಟಿತು. "ಇವರ ಜೊತೆ ಬಸ್ಸಿನಲ್ಲಿ ಹೋದ್ರೆ ದಾರಿಯ ಬೋರ್ಡೆಲ್ಲ ಪುಕ್ಕಟೆ ಕೇಳ್ಬಹುದು," ಎಂದು ನನ್ನ ಹೆಂಡತಿ ಕಂಡವರಲ್ಲಿ ಹೇಳಿಕೊಂಡು ನಗುತ್ತಿದ್ದಳು. ಅವಳು ವೇಣೂರಿನ ಕಡೆ ಒಂದು ಶಾಲೆಯಲ್ಲಿ ಟೀಚರ್. ಇಬ್ಬರೂ ಮನೆ ಸೇರುವಾಗ ಆರು ಗಂಟೆ. ಎರಡನೆಯ ಕ್ಲಾಸಿನ ಮಗಳು ಶಾಲೆ ಬಿಟ್ಟು ಬಂದರೆ ಆಚೆಮನೆಯಲ್ಲೇ ಕೈಕಾಲು ತೊಳೆದು, ಅಲ್ಲೇ ಉಂಡು, ಅಲ್ಲೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಅವರು ಅಜ್ಜಿ. ಅವರಿಗೆ ಅವಳು ಬಾಲೆ.

ಆ ವರ್ಷ ಮಗಳು ಬೆಳೆಯಲಿಲ್ಲ. ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಯಿತು. ಹುಳದ ಮದ್ದು ಆಯಿತು, ಕಷಾಯ ಆಯಿತು, ಹರಕೆ ಆಯಿತು. ನೋಡಲು ಬಂದವರು ತಂದ ಬ್ರೆಡ್ಡು, ರಸ್ಕು, ಬಿಸ್ಕತ್ತುಗಳನ್ನು ಹೊಟ್ಟೆಗೆ ಹಗುರ ಎಂದು ನಾವೇ ಹಾಲಿನಲ್ಲಿ ಅದ್ದಿ ತಿನ್ನಿಸಿದೆವು. ಕೊನೆಗೆ ಮಂಗಳೂರಿನ ಡಾಕ್ಟರರೊಬ್ಬರು ರಕ್ತ ನೋಡಿ, ಕರುಳಿನ ಚೂರು ನೋಡಿ, ಇದು ಸೀಲಿಯಾಕ್ ಎಂದರು. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಈ ಮಗುವಿನ ಕರುಳಿಗೆ ಆಗುವುದಿಲ್ಲ. ರವೆ, ಮೈದಾ, ಶಾವಿಗೆ, ಬೇಕರಿಯ ತಿಂಡಿ ಒಂದು ಚೂರೂ ಕೂಡದು, ಜೀವಮಾನಪೂರ್ತಿ. ಮದ್ದು ಅದೊಂದೇ.

ಊರಿನವರಿಗೆ ಇದು ಕಾಯಿಲೆ ಎನಿಸಲೇ ಇಲ್ಲ. "ಗೋಧಿ ತಾನೆ? ನಾವೆಲ್ಲ ಗಂಜಿ ಕುಡಿದು ಬೆಳೆದವರಲ್ವಾ," ಎಂದರು. ಹಾಗೆಂದವರೇ ಮಕ್ಕಳ ಹುಟ್ಟುಹಬ್ಬಕ್ಕೆ ಕರೆದು, ಒಂದು ತುಂಡು ಕೇಕಿನಿಂದ ಎಂತ ಆಗ್ತದೆ ಎಂದು ಕೈಗಿಡುತ್ತಿದ್ದರು. ಶನಿವಾರ ಒಪ್ಪತ್ತಿನ ಮನೆಗಳಲ್ಲಿ ಉಪ್ಪಿಟ್ಟು, ಹೋಟೆಲಿಗೆ ಹೋದರೆ ಮೈದಾದ ಗೋಳಿಬಜೆ. ಅಕ್ಕಿಯ ಊರಿನಲ್ಲಿ ಗೋಧಿ ಇಷ್ಟೊಂದು ಕಡೆ ಅಡಗಿ ಕೂತಿದೆ ಎಂದು ನಮಗೆ ಗೊತ್ತಾದದ್ದೇ ಆಗ.

ಆಚೆಮನೆಯ ಅಮ್ಮ ಮಾತ್ರ ಒಮ್ಮೆಗೇ ಅರ್ಥ ಮಾಡಿಕೊಂಡರು. ಗೋಡೆಯ ಮೇಲೆ ಮೊಣಕೈ ಊರಿ ಎಲ್ಲ ಕೇಳಿ, "ಅಷ್ಟೇ ಅಲ್ವಾ ಪ್ರೆಸ್ಸಿನವರೇ? ನಾವು ನೀರುಳ್ಳಿ ಇಲ್ಲದೆ ಹುಟ್ಟಿದ್ದು, ನೀರುಳ್ಳಿ ಇಲ್ಲದೆಯೇ ಹೋಗುವುದು. ಒಂದನ್ನು ಬಿಟ್ಟು ಬದುಕುವುದು ಹೇಗೆ ಅಂತ ನಮ್ಮ ಹತ್ರ ಕೇಳಿ," ಎಂದರು. ಮರುದಿನವೇ ಯಜಮಾನರಿಗೆ ಹೇಳಿ ಅಂಗಡಿಯಿಂದ ಹೊಸ ಬಟ್ಟಲು, ಲೋಟ, ಸೌಟು, ದೋಸೆ ಮಗುಚುವ ಸಟ್ಟುಗ ತರಿಸಿದರು. ಎಲ್ಲದರ ಮೇಲೂ, ಮದುವೆಯ ಪಾತ್ರೆಗೆ ಹೆಸರು ಕೊರೆಯುವ ಮೆಷಿನಿನಿಂದ, ಮಗಳ ಹೆಸರು. ಬೇರೆಯವರ ಗೋಧಿರೊಟ್ಟಿಗೆ ತಾಗಿದ ಸಟ್ಟುಗ ಇವಳ ದೋಸೆಗೆ ತಾಗಬಾರದಲ್ಲ. ಮಿಲ್ಲಿನಲ್ಲಿ ಗೋಧಿ ಬೀಸಿದ ಮೇಲೆ ಅಕ್ಕಿ ಹಾಕುತ್ತಾರೆ ಎಂದು ಗೊತ್ತಾದ ದಿನದಿಂದ ಅಕ್ಕಿಹಿಟ್ಟನ್ನು ಮನೆಯಲ್ಲೇ ಮಾಡಿದರು. ನೀರುದೋಸೆ, ಪುಂಡಿ ಕಡುಬು, ಸೆಕೆಯಲ್ಲಿ ಬೆವರುತ್ತ ಒತ್ತಿದ ಅಕ್ಕಿಯ ಶಾವಿಗೆ… ಮಗಳು ಸಂಜೆ ಮನೆಗೆ ಬಂದರೆ ನಮ್ಮ ಅಡುಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಆದರೂ ಅವಳು ಚೇತರಿಸಿಕೊಳ್ಳಲಿಲ್ಲ. ನಡುನಡುವೆ ಹೊಟ್ಟೆನೋವು. ನೋವು ಎಂದಾಗಲೆಲ್ಲ ಅಮ್ಮ ಮಜ್ಜಿಗೆಗೆ ಚಿಟಿಕೆ ಹಿಂಗು ಜಾಸ್ತಿ ಹಾಕಿ ಕುಡಿಸುವರು, ಹೊಕ್ಕುಳ ಸುತ್ತ ಹಿಂಗಿನ ನೀರು ಹಚ್ಚುವರು. ಎಂಟು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರರು ಕನ್ನಡಕ ತೆಗೆದಿಟ್ಟು, "ಎಲ್ಲಿಂದಲೋ ಗೋಧಿ ಒಳಗೆ ಹೋಗ್ತಾ ಉಂಟು. ಹುಡುಕಿ. ಹೀಗೇ ಹೋದ್ರೆ ಕರುಳು ಉಳಿಯುವುದಿಲ್ಲ," ಎಂದರು.

ನಾವು ಮೊದಲು ಹುಡುಕಿದ್ದು ಮಗಳ ಚೀಲವನ್ನು. ಕಂಪಾಸು ಪೆಟ್ಟಿಗೆಯಲ್ಲಿ ಚಾಕಲೇಟಿನ ಒಂದು ಕಾಗದ ಸಿಕ್ಕಿತು. ಗೆಳತಿ ಕೊಟ್ಟದ್ದು, ಕಾಗದ ಚಂದ ಉಂಟು ಅಂತ ಇಟ್ಟದ್ದು, ತಿನ್ನಲಿಲ್ಲ ಎಂದಳು. ನಾನು ನಂಬಲಿಲ್ಲ. ಅವಳ ಬೆನ್ನಿಗೆ ಒಂದು ಬಿತ್ತು… ಈ ಕೈಯಿಂದಲೇ. ಅಳು ಕೇಳಿ ಆಚೆಮನೆಯ ಅಮ್ಮ ಗೋಡೆಯ ಹತ್ತಿರ ಓಡಿ ಬಂದರು. ಅವರು ಸ್ವರ ಏರಿಸಿದ್ದನ್ನು ಅದೊಂದೇ ಸಲ ಕೇಳಿದ್ದು. "ಬಾಲೆಗೆ ಕೈ ಮಾಡ್ಬೇಡಿ. ಅದು ಸುಳ್ಳು ಹೇಳುವ ಮಗುವಲ್ಲ. ಗೋಧಿ ಎಲ್ಲಿಂದ ಬರ್ತದೆ ಅಂತ ನಾನು ಹುಡುಕ್ತೇನೆ."

ಹೇಳಿದ ಹಾಗೆ ಹುಡುಕಿದರು. ಎರಡು ದಿನ ಬಿಟ್ಟು ಮಗಳನ್ನು ಕರೆತರಲು ಹೋದರೆ ಅವರ ಅಡುಗೆಮನೆಯ ಡಬ್ಬಿಗಳೆಲ್ಲ ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಮೆಟ್ಟಿಲಲ್ಲಿ ಮಗಳು, ನಡುವೆ ಸೆರಗು ಕಟ್ಟಿಕೊಂಡ ಅಮ್ಮ. "ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ. ನನಗೆ ಇಂಗ್ಲಿಷ್ ಬರುವುದಿಲ್ಲ. ನೀವು ಓದುವವರಲ್ವಾ, ಇದನ್ನೆಲ್ಲ ಒಮ್ಮೆ ಓದಿ ಹೇಳಿ. ಒಂದಕ್ಷರ ಬಿಡ್ಬೇಡಿ."

ಕೂತು ಓದತೊಡಗಿದೆ. ಅರಸಿನ ಪುಡಿ, ಅದರಲ್ಲಿ ಅರಸಿನ. ಮೆಣಸಿನ ಪುಡಿ, ಅದರಲ್ಲಿ ಮೆಣಸು. ಮಗಳು ಒಂದೊಂದು ಡಬ್ಬಿ ಎತ್ತಿ ಕೊಡುವುದು, ನಾನು ಕನ್ನಡದಲ್ಲಿ ಜೋರಾಗಿ ಹೇಳುವುದು, ಅಮ್ಮ ತಲೆಯಾಡಿಸಿ ಆಚೆ ಇಡುವುದು. ಪ್ರೆಸ್ಸಿನ ಲಯವೇ ಬಂತು. ಅದೇ ಲಯದಲ್ಲಿ ಹಿಂಗಿನ ಡಬ್ಬಿ ಕೈಗೆ ಬಂತು. ಬುಡದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ. "ಖಾದ್ಯ ಗೋಂದು, ಗೋಧಿ ಹಿಟ್ಟು, ಹಿಂಗು." ಹಿಂಗು ಕೊನೆಯಲ್ಲಿತ್ತು. ಮನಸ್ಸಿಗೆ ತಲುಪುವ ಮೊದಲೇ ಬಾಯಿ ಹೇಳಿ ಮುಗಿಸಿತ್ತು.

"ಎಂತ ಹೇಳಿದ್ರಿ? ಇನ್ನೊಮ್ಮೆ ಓದಿ," ಎಂದರು ಅಮ್ಮ.

ಇನ್ನೊಮ್ಮೆ ಓದುವ ಅಗತ್ಯ ಇರಲಿಲ್ಲ. ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತಮಗೆ ಓದಲು ಬಾರದ ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಯಾರಿಗೂ ಅಲ್ಲದ ಹಾಗೆ, "ಹೊಟ್ಟೆನೋವು ಅಂದಾಗ ಜಾಸ್ತಿ ಹಾಕ್ತಿದ್ದೆನಲ್ಲ…" ಎಂದರು. ಮಗಳು ಹೋಗಿ ಅವರ ಮಡಿಲಿಗೆ ಒರಗಿದಳು. ಅವರ ಕೈ ಮೇಲಕ್ಕೆ ಬಂತು, ಅವಳ ತಲೆಯ ಹತ್ತಿರ ನಿಂತಿತು, ಮುಟ್ಟಲಿಲ್ಲ.

ಮರುದಿನ ಶಾಲೆಯಿಂದ ಬಂದವಳಿಗೆ ಅವರು ಕೊಟ್ಟದ್ದು ಎರಡು ಬಾಳೆಹಣ್ಣು. ಅದರ ಮರುದಿನ ಕಿತ್ತಳೆ. ಮತ್ತೊಂದು ದಿನ ಸಿಪ್ಪೆ ಸಮೇತ ನೆಲಗಡಲೆ. ತಾವೇ ಸುಲಿದು ಕೂಡ ಕೊಡುತ್ತಿರಲಿಲ್ಲ. "ಇದರಲ್ಲಿ ಓದ್ಲಿಕ್ಕೆ ಎಂತದೂ ಇಲ್ಲ. ತಿನ್ನು ಬಾಲೆ," ಎನ್ನುತ್ತಿದ್ದರಂತೆ. ಹೆಸರು ಕೊರೆದ ಬಟ್ಟಲು, ಸಟ್ಟುಗಗಳನ್ನು ಅಟ್ಟಕ್ಕೆ ಏರಿಸಿದ್ದರು.

ನಾನು ಮಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿ, ಗೋಧಿಯ ಬದಲು ಅಕ್ಕಿಹಿಟ್ಟು ಸೇರಿಸಿದ ಹಿಂಗು ತಂದೆ. ಅವರೆದುರು ಇಟ್ಟು, ಮೂರು ಸಲ ಓದಿದ್ದೇನೆ ಅಮ್ಮಾ, ಇದರಲ್ಲಿ ಮಾಡಿ, ಅವಳಿಗೆ ನಿಮ್ಮ ಸಾರೇ ಬೇಕಂತೆ ಎಂದೆ. ಅವರು ಡಬ್ಬಿಯನ್ನು ಮುಟ್ಟಲಿಲ್ಲ. "ಹಿಂಗೊಂದೇ ಅಂತ ಹೇಗೆ ಹೇಳುವುದು? ನಾಳೆ ಇನ್ನೊಂದರಲ್ಲಿ ಇದ್ರೆ? ನೀರಿನಲ್ಲಿರುವ ಜೀವವನ್ನು ಸೋಸ್ಲಿಕ್ಕೆ ಬಟ್ಟೆ ಉಂಟು, ಇದನ್ನು ಯಾವುದರಲ್ಲಿ ಸೋಸುವುದು ಹೇಳಿ." ನನ್ನ ಹೆಂಡತಿ ಹೋಗಿ ಕೈ ಹಿಡಿದು ಕೇಳಿಕೊಂಡಳು. ಅವಳನ್ನು ಕೂರಿಸಿ ಕಾಫಿ ಕೊಟ್ಟು ಕಳಿಸಿದರು. ಆ ಮನೆಯ ಒಗ್ಗರಣೆಯಲ್ಲಿ ಹಿಂಗಿನ ವಾಸನೆಯೂ ನಿಂತೇಹೋಯಿತು. ಒಮ್ಮೆ ಪೇಟೆಯಲ್ಲಿ ಅವರ ಯಜಮಾನರು ಸಿಕ್ಕಿ, "ನಮ್ಮ ಸಾರಿಗೆ ಈಗ ಸೊಗಸೇ ಇಲ್ಲ ಮಾರಾಯ್ರೆ. ಕೇಳಿದ್ರೆ ಮಾತಾಡುವುದಿಲ್ಲ," ಎಂದರು.

ಆರು ತಿಂಗಳಲ್ಲಿ ಮಗಳ ಕೆನ್ನೆ ತುಂಬಿತು. ರಕ್ತದ ವರದಿ ಮೊದಲ ಸಲ ಚೆನ್ನಾಗಿ ಬಂತು. ಬಸ್ಸಿನಿಂದ ಇಳಿದವನು ಮನೆಗೂ ಹೋಗದೆ ಕಾಗದ ಹಿಡಿದುಕೊಂಡು ಆಚೆಮನೆಗೆ ಓಡಿದೆ. ಇದನ್ನು ಕಂಡರೆ ಮನಸ್ಸು ಕರಗೀತು, ಅಟ್ಟದಿಂದ ಬಟ್ಟಲು ಇಳಿದೀತು ಎಂದು ನನ್ನ ಆಸೆ. ಅಮ್ಮ ಕೇಳಿಸಿಕೊಂಡರು. ಎರಡೂ ಕೈ ಜೋಡಿಸಿ ಬಸದಿಯ ದಿಕ್ಕಿಗೆ ಮುಗಿದರು. ಸಂತೋಷದಿಂದ ಅವರ ಮುಖವೇ ಬದಲಾಯಿತು. ಆಮೇಲೆ ಅಷ್ಟೇ ಸಂತೋಷದ ಸ್ವರದಲ್ಲಿ, "ನೋಡಿ, ನನ್ನ ಕೈ ಬಿಟ್ಟ ಮೇಲೆ ಗುಣ ಆಯ್ತಲ್ಲ," ಎಂದರು.

ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಬಂದೆ. ಅದಕ್ಕಿಂತ ಹೆಚ್ಚಿನದನ್ನು ಅವತ್ತೂ ಮಾಡಲಾಗಲಿಲ್ಲ, ಆಮೇಲೂ ಆಗಲಿಲ್ಲ.

ಮಗಳು ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಇನ್ನಿಬ್ಬರು ಹುಡುಗಿಯರ ಜೊತೆ ರೂಮು. ಇವಳ ದೋಸೆ ಕಾವಲಿಯನ್ನು ಅವರು ಮುಟ್ಟುವುದಿಲ್ಲ. ಮದುವೆಗಳಿಗೆ ತನ್ನ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ, ನಾಚಿಕೆಪಡದೆ ಅಡುಗೆಯವರ ಬಳಿ ಹೋಗಿ ಹಿಂಗು ಯಾವುದು ಹಾಕಿದ್ದು ಎಂದು ಕೇಳುತ್ತಾಳೆ. ಚೆನ್ನಾಗಿಯೇ ಇದ್ದಾಳೆ. ಊರಿಗೆ ಬಂದಾಗಲೆಲ್ಲ ಗೋಡೆ ದಾಟಿ ಹೋಗಿ, ಅಜ್ಜಿ ಕೊಟ್ಟ ಹಣ್ಣನ್ನು ಅಜ್ಜಿಯ ಎದುರೇ ಸುಲಿದು ತಿಂದು ಬರುತ್ತಿದ್ದಳು. ಒಮ್ಮೆ ತಾನೇ ನೀರುದೋಸೆ ಮಾಡಿ ಕೊಂಡುಹೋಗಿದ್ದಳು. ಅವರು ತಿಂದು, ಉಪ್ಪು ಸಮ ಉಂಟು ಎಂದರಂತೆ. ಇನ್ನೊಮ್ಮೆ ನೀವೇ ಮಾಡಿಕೊಡಿ ಅಜ್ಜಿ ಎಂದದ್ದಕ್ಕೆ ಕಿತ್ತಳೆ ತರಲು ಒಳಗೆ ಹೋದರಂತೆ…

ಹೋದ ವರ್ಷ ಅವರು ತೀರಿಕೊಂಡರು. ಹದಿನೈದು ದಿನದ ಜ್ವರ, ಅಷ್ಟೇ. ಕೆಲವು ದಿನ ಕಳೆದು ಅವರ ಯಜಮಾನರು ಬಿಳಿ ಬಟ್ಟೆಯ ಒಂದು ಗಂಟು ತಂದು ನಮ್ಮ ಜಗಲಿಯಲ್ಲಿಟ್ಟರು. "ಹೆಸರು ಉಂಟಲ್ಲ, ಇಲ್ಲಿಗೇ ಸೇರಬೇಕಾದ್ದು," ಎಂದರು. ಬಿಚ್ಚಿದರೆ ಬಟ್ಟಲು, ಲೋಟ, ಸೌಟು, ಸಟ್ಟುಗ. ಹನ್ನೊಂದು ವರ್ಷ ಅಟ್ಟದಲ್ಲಿದ್ದ ಪಾತ್ರೆಗಳ ಮೇಲೆ ಧೂಳಿನ ಒಂದು ಕಣ ಇರಲಿಲ್ಲ. ಇಳಿಸಿ, ತೊಳೆದು, ಒರೆಸಿ ಮತ್ತೆ ಏರಿಸುತ್ತಿದ್ದರೇನೋ. ಯಾರನ್ನು ಕೇಳುವುದು?

ಕಳೆದ ತಿಂಗಳು ರಜೆಗೆ ಬಂದ ಮಗಳು ಆ ಬಟ್ಟಲಿನಲ್ಲೇ ಉಣ್ಣುತ್ತಿದ್ದಳು. ಉಣ್ಣುತ್ತ ತನ್ನ ಹೆಸರಿನ ಮೇಲೆ ಬೆರಳಾಡಿಸಿ, ನನ್ನನ್ನು ನೋಡದೆ ಕೇಳಿದಳು. "ಅಪ್ಪಾ, ಅವತ್ತು ಮನಸ್ಸಿನಲ್ಲೇ ಓದ್ಬಹುದಿತ್ತಲ್ಲ. ಇದರಲ್ಲಿ ಏನೂ ಇಲ್ಲ ಅಂತ ಹೇಳಿ, ಮರುದಿನ ಬೇರೆ ಹಿಂಗು ತಂದು ಡಬ್ಬಿ ಬದಲಿಸಿದ್ರೆ ಆಗ್ತಿತ್ತು."

"ಆಗ್ತಿತ್ತು," ಎಂದೆ. ಈಗ ಪ್ರೆಸ್ಸಿನಲ್ಲಿ ಎಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಯಾರೂ ಜೋರಾಗಿ ಓದುವುದಿಲ್ಲ. ನಾನೂ ಓದುವುದಿಲ್ಲ.

ಕಳೆದ ವಾರ ಆ ಬಸ್ಸಿನಿಂದ ಇಳಿದು ಓಣಿ ಸೇರಿದಾಗ ಅಂಗಿಗೆಲ್ಲ ಹಿಂಗಿನ ವಾಸನೆ ಅಂಟಿತ್ತು. ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಚೆಯ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಮಗಳು ಮನೆಯಲ್ಲಿಲ್ಲದಿದ್ದರೂ, ಹಿಂಗಿನ ಪುಡಿ ಒಳಗೆ ಬರಬಾರದೆಂಬ ಹಳೆಯ ಅಭ್ಯಾಸ. ಅಂಗಿಯನ್ನು ಹೊರಗೇ ಬಿಚ್ಚಿ, ಕೊಡವಿ, ಆ ಗೋಡೆಯ ಮೇಲೆ ಹರವಿ ಒಳಗೆ ಹೋದೆ. ಬೆಳಿಗ್ಗೆ ತೆಗೆದು ಮೂಸಿ ನೋಡಿದೆ. ವಾಸನೆ ಹೋಗಿತ್ತು. ಇನ್ನೊಂದು ದಿನ ಉಳಿಯಬಾರದಿತ್ತೇ ಅನ್ನಿಸಿತು.