ಮುಚ್ಚಿಕೊಳ್ಳದ ಆ್ಯಪ್

ಕಟ್ಟಾಯದ ಸ್ನೇಹಲತಾಗೆ ಕೂತಲ್ಲಿ ಕೂರುವ ಸ್ವಭಾವ ಮೊದಲಿನಿಂದಲೂ ಇಲ್ಲ. ಮನೆಯಲ್ಲಿ ಏಟು ತಿನ್ನುವ ಹೆಂಗಸರಿಗೆ ನೆರವಾಗುವ ಹಾಸನದ ಸಣ್ಣ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಫೋನಿನಲ್ಲಿ ಮಾತಾಡಲು ಅಂಜುವವರೇ ಹೆಚ್ಚು; ವಾಟ್ಸಾಪಿನಲ್ಲಿ ಬರೆದರೆ ಗಂಡ ನೋಡುತ್ತಾನೆ. ಅದಕ್ಕೇ, ಕೋಡಿಂಗ್ ಬಾರದಿದ್ದರೂ ಯೂಟ್ಯೂಬ್ ನೋಡಿಕೊಂಡು, ಪರದೆಯ ಮೇಲೆ ಚೌಕಗಳನ್ನು ಎಳೆದು ಜೋಡಿಸುವ ತಾಣವೊಂದರಲ್ಲಿ ತಾನೇ ಆ್ಯಪ್ ಕಟ್ಟಿದಳು. ಬರೆಯಲು ಒಂದು ಪುಟ, ಕಳಿಸಲು ಒಂದು ಬಟನ್, ಕೆಳಗೆ ಕೆಂಪಗೆ ಇನ್ನೊಂದು: ‘ಮುಚ್ಚು’. ಯಾರಾದರೂ ಹತ್ತಿರ ಬಂದಾಗ ಅದನ್ನು ಒತ್ತಿದರೆ ಆ್ಯಪೇ ಮುಚ್ಚಿಹೋಗಬೇಕು. ತನ್ನ ಫೋನಿನಲ್ಲಿ ಇಪ್ಪತ್ತು ಸಲ ಒತ್ತಿ ನೋಡಿದಳು. ಇಪ್ಪತ್ತು ಸಲವೂ ಮುಚ್ಚಿತು. ಆಮೇಲೇ ಮೂವತ್ತೊಂದು ಹೆಂಗಸರಿಗೆ ಅದನ್ನು ಕೊಟ್ಟದ್ದು.

ಅವರಲ್ಲಿ ಅರಕಲಗೂಡಿನ ಶಿವರಂಜನಿಯೂ ಒಬ್ಬಳು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಬರೆದು ಕಳಿಸುತ್ತೇನೆ ಎಂದವಳಿಂದ ಮಧ್ಯಾಹ್ನವಾದರೂ ಏನೂ ಬರಲಿಲ್ಲ. ಎರಡು ಗಂಟೆಗೆ ಪಕ್ಕದ ಮನೆಯವರ ಫೋನಿನಿಂದ ಕರೆ ಬಂತು.

“ಅಕ್ಕ, ಅತ್ತೆ ಒಳಕ್ ಬಂದ್ಬುಟ್ರು. ನಾಕ್ ಸಲ ಒತ್ತಿದೆ, ಮುಚ್ಕಳ್ಳೇ ಇಲ್ಲ. ಬರ್ದಿದ್ದೆಲ್ಲ ಅಂಗೇ ಕಾಣ್ತಿತ್ತು. ಫೋನ್ನ ರಾಗಿಹಿಟ್ಟಿನ ಡಬ್ಬಕ್ಕೆ ತುರುಕ್ಬುಟ್ಟೆ.”

“ನೋಡುದ್ರಾ ಅವರು?”

“ಗೊತ್ತಿಲ್ಲ ಅಕ್ಕ.” ಕರೆ ಕಡಿಯಿತು.

ಸ್ನೇಹಲತಾ ಮತ್ತೆ ಕರೆ ಮಾಡುವಂತಿರಲಿಲ್ಲ. ಬಡಿಸಿಕೊಂಡಿದ್ದ ಊಟ ಹಾಗೇ ಬಿಟ್ಟು, ಪರಿಚಯದ ಶಶಿಕಿರಣನ ಮೊಬೈಲ್ ರಿಪೇರಿ ಅಂಗಡಿಗೆ ನಡೆದಳು.

“ಅವರದ್ದು ಐಫೋನಾ ಮೇಡಂ?” ಎಂದ ಅವನು, ವಿಷಯ ಕೇಳಿ.

“ಹೌದು. ಗಂಡನ ಹಳೇದು.”

“ಹಂಗಾದ್ರೆ ಆಗಲ್ಲ. ಅದರಲ್ಲಿ ಆ್ಯಪ್ ತನ್ನನ್ನ ತಾನೇ ಮುಚ್ಕೊಳ್ಳೋ ಹಂಗಿಲ್ಲ. ಮುಚ್ಚೋದೇನಿದ್ರೂ ಫೋನ್ ಹಿಡ್ಕೊಂಡಿರೋರು.” ಅವಳ ಫೋನು ತೆಗೆದುಕೊಂಡು ‘ಮುಚ್ಚು’ ಒತ್ತಿ, ಈಚೆಗೆ ತೆರೆದ ಆ್ಯಪುಗಳ ಸಾಲನ್ನು ತೋರಿಸಿದ. ಬರೆದ ಪುಟ ಅಲ್ಲಿ ಚಿಕ್ಕದಾಗಿ ಕೂತಿತ್ತು. “ನಿಮ್ಮ ಆಂಡ್ರಾಯ್ಡಲ್ಲೂ ಪೂರ್ತಿ ಹೋಗಿಲ್ಲ ನೋಡಿ.”

ಮೂವತ್ತೊಂದು ಮನೆ. ‘ನಂಬಿ ಒತ್ತಿ’ ಎಂದು ತಾನೇ ಹೇಳಿಕೊಟ್ಟ ಬಟನ್.

ಮರುದಿನ ಮೊದಲ ಬಸ್ಸಿಗೇ ಅರಕಲಗೂಡಿಗೆ ಹೋದಳು. ಹೊಳೆನರಸೀಪುರದ ಕಡೆಯ ಒಬ್ಬಳಿಂದ ಹಿಡಿದು, ಫೋನ್ ಮಾಡಬಹುದಾದವರಿಗೆಲ್ಲ ದಾರಿಯಲ್ಲೇ ಮಾಡಿ, ಸದ್ಯ ಅದನ್ನು ಬಳಸಬೇಡಿ ಎಂದಳು. ಮಗುವನ್ನು ಅಂಗನವಾಡಿಗೆ ಬಿಡಲು ಬಂದ ಶಿವರಂಜನಿಯ ಮುಖ ಕಂಡಾಗ ಉಸಿರು ಬಂತು.

“ಅತ್ತೆ ನೋಡಿಲ್ಲ ಅನ್ಸುತ್ತೆ ಅಕ್ಕ. ಹಿಟ್ಯಾಕೆ ಚೆಲ್ದೆ ಅಂತ ಬೈದ್ರು, ಅಷ್ಟೆ.”

“ತಪ್ಪು ನಂದು ರಂಜನಿ. ಅದು ನಿನ್ ಫೋನಲ್ಲಿ ಮುಚ್ಚಲ್ವಂತೆ.”

ಶಿವರಂಜನಿ ಮಗುವನ್ನು ಒಳಗೆ ಬಿಟ್ಟು ಬಂದು ಹೇಳಿದಳು: “ಮುಚ್ಚಲೇಬೇಕು ಅಂತ ಏನೈತೆ? ಬೇರೆ ಏನಾರ ಕಂಡ್ರೆ ಸಾಕಲ್ವಾ? ಅಡುಗೆದು ಹಾಕಿ. ನಾನ್ ಅಡುಗೆ ನೋಡ್ತಾ ಇದ್ರೆ ಯಾರೂ ಏನೂ ಕೇಳಲ್ಲ.”

ಮುಚ್ಚುವುದರಲ್ಲೇ ಮುಳುಗಿದ್ದ ಸ್ನೇಹಲತಾಗೆ ಅದು ಹೊಳೆದಿರಲಿಲ್ಲ. ಎರಡು ದಿನ ಕೂತು ಚೌಕಗಳನ್ನು ಬಿಚ್ಚಿ ಮತ್ತೆ ಜೋಡಿಸಿದಳು. ಈಗ ಬಟನ್ ಒತ್ತಿದರೆ ಬರೆದದ್ದು ಅಳಿಸಿ, ಹುರುಳಿಕಾಳು ಬಸ್ಸಾರಿನ ಪುಟ ತೆರೆಯುತ್ತದೆ. ಹಿಂದಕ್ಕೆ ಒತ್ತಿದರೂ ಹಳೆಯ ಪುಟ ಬರುವುದಿಲ್ಲ. ಬಸ್ಸಾರಿನ ಅಳತೆಯನ್ನು ಅವಳೇ ಬರೆದಳು.

ಮುಂದಿನ ವಾರ ಶಿವರಂಜನಿಯಿಂದ ಆ್ಯಪಿನಲ್ಲೇ ಬರಹ ಬಂತು: “ಅಕ್ಕ, ಅತ್ತೆ ಬಗ್ಗಿ ನೋಡಿದ್ರು. ಇಷ್ಟೊಂದ್ ಮೆಣಸಿನಕಾಯಾ, ಯಾರವ್ವ ಬರ್ದೋಳು ಅಂದ್ರು.” ಅದರ ಕೆಳಗೆ, ಆ ಸೋಮವಾರ ಕಳಿಸಲಾಗದೆ ಹೋದದ್ದೆಲ್ಲ ಇತ್ತು, ಉದ್ದಕ್ಕೆ. ಕೊನೆಯಲ್ಲಿ: “ನಾಳಿದ್ದು ಆಫೀಸಿಗೆ ಬತ್ತೀನಿ.”

ಸ್ನೇಹಲತಾ ಅದನ್ನು ಎರಡು ಸಲ ಓದಿದಳು. ಉಳಿದ ಮೂವತ್ತು ಫೋನುಗಳಲ್ಲಿ ಹೇಗಿದೆಯೋ ಎಂದು ಸಮಾಧಾನ ಮಾತ್ರ ಪೂರ್ತಿ ಬರಲಿಲ್ಲ. ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಹೊಸಬಳೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಸ್ನೇಹಲತಾ ಅವಳನ್ನು ಕೂರಿಸಿ, ನೀರು ಕೊಟ್ಟು, “ನಿಮ್ಮ ಫೋನ್ ಯಾವ್ದು? ಒಂದ್ನಿಮಿಷ ಕೊಡಿ” ಎಂದು ಕೈಚಾಚಿದಳು.